ಹವ್ಯಾಸ: ಕರಾಟೆ

ನಮ್ಮ ವಂಶದಲ್ಲಿ ಗಂಡಸರು ಕುಣಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಣಿಯುತ್ತಾರೆ, ಬೆವರು ಕಿತ್ತುಕೊಂಡು ಬರುವ ಹಾಗೆ ಕುಣಿಯುತ್ತಾರೆ. ಗಣಪತಿ ಬಿಡುವ ದಿನ ಕುಣಿಯುತ್ತಾರೆ. ಹೊಟ್ಟೆಯೊಳಗೆ ಏನು ಬಿದ್ದಿದೆ ಎಂದು ಹೆಂಗಸರು ಕೇಳಬಾರದು, ಅಷ್ಟೆ. ಹಿರಿಯರು ಯಾರಾದರೂ ತುಂಬು ವಯಸ್ಸಿನಲ್ಲಿ ಕಣ್ಣುಮುಚ್ಚಿದರೆ ತಮಟೆಯ ಮುಂದೆ ಕುಣಿಯುತ್ತಾರೆ. ಮೈಮೇಲೆ ದೇವರು ಬಂದರಂತೂ ಹಿಡಿದು ನಿಲ್ಲಿಸಲು ನಾಲ್ಕು ಜನ ಬೇಕು. ಒಟ್ಟಿನಲ್ಲಿ ಕುಡಿದಿರಬೇಕು, ಇಲ್ಲವೇ ದೇವರು ಬಂದಿರಬೇಕು, ಇಲ್ಲವೇ ಎದುರಿಗೊಂದು ಹೆಣವಿರಬೇಕು, ಇವ್ಯಾವುವೂ ಇಲ್ಲದಿದ್ದರೆ ಕೈಯಲ್ಲಿ ಕತ್ತಿಯಾದರೂ ಇರಬೇಕು. ತಲೆಗೆ ನೀರು ಹಾಕಿಕೊಂಡು, ಸ್ವಸ್ಥಬುದ್ಧಿಯಿಂದ, ತಾಳ ಎಣಿಸುತ್ತ ಕುಣಿಯುವ ಗಂಡಸನ್ನು ಕಂಡರೆ ಮಾತ್ರ ನಮ್ಮವರಿಗೆ ಅನುಮಾನ. ನಾನು ಆ ಅನುಮಾನದ ಗಂಡಸು. ಭರತನಾಟ್ಯ ಮಾಡುತ್ತೇನೆ.

ಲಷ್ಕರ್ ಮೊಹಲ್ಲಾದಲ್ಲಿ ನಮ್ಮದು ಗ್ರಂಧಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ವಿಭೂತಿ, ಕರ್ಪೂರ, ಅಂಟುವಾಳಕಾಯಿ, ಬಾಣಂತಿಗೆ ಬಜೆ, ಸತ್ತವರಿಗೆ ಗಂಧದ ಚಕ್ಕೆ ಎಲ್ಲವೂ ಸಿಗುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಅಪ್ಪ. ಅಂಗಡಿಯ ಜಗಲಿಯ ಮೇಲೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಅಂಗಡಿಯಲ್ಲಿ ದೊಡ್ಡಪ್ಪನಿಗೆ ಮೀಸೆ ತಿರುವುವುದರ ಹೊರತು ಬೇರೆ ಜವಾಬ್ದಾರಿ ಇರಲಿಲ್ಲ, ಏಕೆಂದರೆ ಅವರು ವೀರಗಾಸೆ ಕುಣಿಯುವವರು. ನಮ್ಮ ಮನೆದೇವರು ವೀರಭದ್ರ. ನೆಂಟರಲ್ಲಿ ಮದುವೆ ಎಂದರೆ ದೇವರ ಹೆಸರಿನಲ್ಲಿ ಗುಗ್ಗಳದ ಮೆರವಣಿಗೆ ಹೊರಡಲೇಬೇಕು, ಮೆರವಣಿಗೆ ಎಂದರೆ ಮುಂದೆ ದೊಡ್ಡಪ್ಪ ಕತ್ತಿ ಹಿಡಿದು ಕುಣಿಯಲೇಬೇಕು. ಕಣ್ಣಿಗೆ ಕಪ್ಪು, ಕೊರಳಿಗೆ ನಾಗಾಭರಣ, ಎದೆಗೆ ಹಿತ್ತಾಳೆಯ ಹಲಗೆ, ಸೊಂಟಕ್ಕೆ ಪಟ್ಟಿ, ಕಾಲಿಗೆ ಗೆಜ್ಜೆ, ತಲೆಯಿಂದ ಬೆನ್ನಿನ ತನಕ ಇಳಿಬಿದ್ದ ಬಿಳಿ ಚೌರಿ. ಅಮ್ಮನ ಒಡವೆಪೆಟ್ಟಿಗೆಯಲ್ಲೂ ಅಷ್ಟು ಸಾಮಾನು ಇರಲಿಲ್ಲ. ಅಷ್ಟನ್ನೂ ಹೇರಿಕೊಂಡು ಅವರು ಬೀದಿಗೆ ಇಳಿದರೆ "ಗಂಡಸು ಅಂದ್ರೆ ಗಂಡಸು ಕಣಮ್ಮ" ಎಂದು ಮೊಹಲ್ಲಾದ ಹೆಂಗಸರು ಕೈಮುಗಿಯುತ್ತಿದ್ದರು.

ಇಂಥ ವೀರರ ವಂಶಕ್ಕೆ ನಾನು ಕಳಂಕ ತಂದದ್ದು ಅಕ್ಕನ ಕಾವಲುಗಾರನಾಗಿ. ಅವಳಿಗೆ ಹದಿಮೂರು, ನನಗೆ ಒಂಬತ್ತು. ಹೆಣ್ಣುಮಗುವಿಗೆ ನಾಲ್ಕು ಹೆಜ್ಜೆ ಬಂದರೆ ನಾಳೆ ಗಂಡಿನ ಕಡೆಯವರ ಹತ್ತಿರ ಹೇಳಿಕೊಳ್ಳಲು ಒಂದು ಮಾತಾಗುತ್ತದೆ ಎಂದು ಅಮ್ಮ ಅವಳನ್ನು ಸರಸ್ವತಿಪುರಂನ ಒಬ್ಬ ಟೀಚರ ಮನೆಗೆ ನಾಟ್ಯದ ಪಾಠಕ್ಕೆ ಸೇರಿಸಿದ್ದರು. ದಾರಿಯಲ್ಲಿ ಪುಂಡರ ಕಾಟವಾದೀತೆಂದು ಅಪ್ಪ ಜೊತೆಗೆ ನನ್ನನ್ನು ಕಳಿಸಿದರು. ಅಕ್ಕನ ಭುಜಕ್ಕೂ ಬಾರದ, ಬಸ್ಸಿನ ಕಂಬಿ ಎಟುಕದ, ವರ್ಷದಲ್ಲಿ ಎಂಟು ತಿಂಗಳು ಮೂಗು ಸೋರುತ್ತಿದ್ದ ರಕ್ಷಕ ನಾನು. "ಗಂಡಸು ಅಂತ ಒಬ್ಬ ಜೊತೇಲಿದ್ರೆ ಯಾರೂ ತಂಟೆಗೆ ಬರಲ್ಲ ಕಣೋ" ಎಂದು ಅಪ್ಪ ನನಗೆ ಧೈರ್ಯ ಹೇಳಿದ್ದರು. ಬಸ್ಸಿನಲ್ಲಿ ನಿದ್ದೆ ಬಂದರೆ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿಯೇ ಅವಳನ್ನು ಕಾಯುತ್ತಿದ್ದೆ.

ಪಾಠ ನಡೆಯುವಾಗ ನನ್ನ ಜಾಗ ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ. ಒಳಗೆ ಟೀಚರ್ ಮಣೆಯ ಮೇಲೆ ಕೋಲು ತಟ್ಟಿದರೆ ಹೊರಗೆ ನನ್ನ ಕಾಲು ತಾನಾಗಿ ಏಳುತ್ತಿತ್ತು. ಮೂರು ವಾರ ನೋಡಿದ ಟೀಚರ್ ಒಂದು ದಿನ, "ಲೋ ಪುಟ್ಟ, ಹೊಸಿಲ ಮೇಲೆ ಯಾಕೆ ಕುಟ್ತೀಯ, ಒಳಗೆ ಬಂದು ಕುಟ್ಟು" ಎಂದರು. ಒಳಗೆ ಹೋದೆ. ಅವತ್ತಿನ ಸಂತೋಷಕ್ಕೆ ಹೋಲಿಕೆ ಕೊಡಲು ನನಗೆ ಇವತ್ತಿಗೂ ಬರುವುದಿಲ್ಲ. ಮೈಯಲ್ಲಿ ಮೊದಲ ಸಲ ಎಲ್ಲ ಮೂಳೆಯೂ ಅದರದರ ಜಾಗದಲ್ಲಿ ಕೂತ ಹಾಗಿತ್ತು. ಮನೆಯಲ್ಲಿ ಹೇಳುವುದು ಬೇಡವೆಂದು ಅಕ್ಕನೇ ತೀರ್ಮಾನಿಸಿದಳು. ತಾರಸಿಯ ಮೇಲೆ ನಾನು ಅಭ್ಯಾಸ ಮಾಡುವಾಗ ಮೆಟ್ಟಿಲ ಬಾಯಲ್ಲಿ ಅವಳು ಬಟ್ಟೆ ಮಡಚುತ್ತ ಕೂರುತ್ತಿದ್ದಳು. ಯಾರಾದರೂ ಹತ್ತಿ ಬಂದರೆ ಕೆಮ್ಮಬೇಕು ಎಂದು ಒಪ್ಪಂದ.

ಆಗಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಮುಂದಿನ ಸಾಲಿನಲ್ಲಿ ಕೂತು ನನ್ನ ನಾಟ್ಯ ನೋಡಬೇಕು, ನೋಡಿ ನಾಲ್ಕು ಜನರ ಎದುರಿಗೆ "ಇವನು ನನ್ನ ಮಗ" ಎನ್ನಬೇಕು. ಬೇರೆ ಮಕ್ಕಳು ಕ್ರಿಕೆಟ್ ಬ್ಯಾಟು ಕೇಳುತ್ತಿದ್ದ ವಯಸ್ಸಿನಲ್ಲಿ ಇಂಥ ದುಬಾರಿ ಆಸೆ.

ಅಕ್ಕನಿಗೆ ಹತ್ತೊಂಬತ್ತಕ್ಕೆ ಕೆಸರೆಯ ಕಡೆ ಮದುವೆ ಗೊತ್ತಾಯಿತು. ನನಗೆ ಆಗ ಹದಿನೈದು. ಇನ್ನು ಮೇಲೆ ಪಾಠಕ್ಕೆ ಹೋಗಲು ಏನು ನೆಪ ಎಂಬುದೇ ನನ್ನ ಚಿಂತೆ. ಅಕ್ಕನೇ ಅದಕ್ಕೂ ದಾರಿ ಹುಡುಕಿದಳು. ನನಗೆ ಲೆಕ್ಕ ತಲೆಗೆ ಹತ್ತುತ್ತಿಲ್ಲವೆಂದೂ ಸರಸ್ವತಿಪುರಂನಲ್ಲಿ ಒಳ್ಳೆಯ ಟ್ಯೂಶನ್ ಇದೆಯೆಂದೂ ನಿಶ್ಚಿತಾರ್ಥಕ್ಕೆ ಮೊದಲೇ ಅಮ್ಮನಿಗೆ ಹೇಳಿ ನಂಬಿಸಿದಳು. ಲೆಕ್ಕದಲ್ಲಿ ನಾನು ನಿಜಕ್ಕೂ ದಡ್ಡನಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಮದುವೆಯ ಹಿಂದಿನ ದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಗುಗ್ಗಳ ಹೊರಟಿತು. ದೊಡ್ಡಪ್ಪ ಗೆಜ್ಜೆ ಕಟ್ಟಿ, ಕತ್ತಿ ಝಳಪಿಸಿ, ಅರ್ಧ ಗಂಟೆ ರಸ್ತೆ ಬಂದ್ ಮಾಡಿ ಕುಣಿದರು. ಅರಿಶಿನದ ಸೀರೆಯುಟ್ಟು ಮದುಮಗಳು ಹೊಸಿಲಲ್ಲಿ ಕೈಮುಗಿದು ನಿಂತಿದ್ದಳು. ನಾನು ಗುಂಪಿನಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಈ ಮನೆಯಲ್ಲಿ ಗೆಜ್ಜೆ ಕಟ್ಟಲು ಹಕ್ಕಿಲ್ಲದವನು ನಾನೊಬ್ಬನೇ ಎಂದು ನನಗೆ ಅಳು ಬಂದಿತ್ತು.

ಎಂಟು ವರ್ಷ ಲೆಕ್ಕದ ಟ್ಯೂಶನ್ ನಡೆಯಿತು. ಪಿಯುಸಿಯಲ್ಲಿ ಲೆಕ್ಕವನ್ನೇ ಬಿಟ್ಟ ಮೇಲೂ ನಡೆಯಿತು. ಅಷ್ಟರಲ್ಲಿ ನಮ್ಮ ತಾರಸಿಗೆ ಶೀಟು ಹಾಕಿ ಅಂಗಡಿಯ ಮೂಟೆ ಪೇರಿಸಿದ್ದರಿಂದ ಅಭ್ಯಾಸ ಕೆಸರೆಗೆ, ಅಕ್ಕನ ಮನೆಯ ಹಾಲಿಗೆ ಬದಲಾಯಿತು. ಭಾವ ಕಾರ್ಖಾನೆಯ ಮೊದಲ ಪಾಳಿಗೆ ಹೊರಟ ಮೇಲೆ ಬೆಳಿಗ್ಗೆ ಆರೂವರೆಗೆ ನಾನು ಹಾಜರು. ಅಕ್ಕ ಸೋಫಾ ಪಕ್ಕಕ್ಕೆ ತಳ್ಳಿ, ಚಪಾತಿ ಲಟ್ಟಿಸುತ್ತಲೇ ಲಟ್ಟಣಿಗೆಯಿಂದ ಮಣೆಯ ಮೇಲೆ ತಾಳ ಹಾಕುತ್ತ ಬಾಯಲ್ಲಿ ತಕಧಿಮಿ ಎಂದು ಜತಿ ಹೇಳುತ್ತಿದ್ದಳು. ಹೊಸ ಪಾಠವಾದರೆ ನಾನು ಹಿಂದಿನ ದಿನ ಒಂದು ಸಲ ಹೇಳಿದ್ದರೆ ಸಾಕು, ಮರುದಿನ ಅವಳ ಬಾಯಲ್ಲಿ ತಪ್ಪಿಲ್ಲದೆ ಬರುತ್ತಿತ್ತು. ಮನೆಯಲ್ಲೇ ಇರುವವಳು, ಪುರುಸೊತ್ತಾಗಿರುತ್ತಾಳೆ, ನೆನಪಿರುತ್ತದೆ ಎಂದುಕೊಂಡಿದ್ದೆ.

ಗುಟ್ಟು ರಟ್ಟಾದದ್ದು ಅಂಟುವಾಳಕಾಯಿಯಿಂದ. ಯಾವುದೋ ನವರಾತ್ರಿಯ ಕಾರ್ಯಕ್ರಮದ ಗುಂಪು ನೃತ್ಯದಲ್ಲಿ ನಾನೂ ಇದ್ದೆ. ಪೇಪರಿನಲ್ಲಿ ಪಟ ಬಂದಿತ್ತು. ಬಂದ ದಿನ ಯಾರೂ ನೋಡಲಿಲ್ಲ. ಎರಡು ತಿಂಗಳ ಮೇಲೆ ಅದೇ ಪೇಪರು ರದ್ದಿಯಾಗಿ ನಮ್ಮ ಅಂಗಡಿಗೇ ಬಂತು. ಯಾರಿಗೋ ಕಾಲು ಕೆಜಿ ಅಂಟುವಾಳಕಾಯಿ ಕಟ್ಟಲು ಅಪ್ಪ ಹಾಳೆ ಹರಿದರು. ಹರಿದ ತುಂಡಿನಲ್ಲಿ ನಾನಿದ್ದೆ. ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಕತ್ತು ಒಂದಿಷ್ಟು ಓರೆ. ಅಪ್ಪ ಗಿರಾಕಿಗೆ ಬೇರೆ ಕಾಗದದಲ್ಲಿ ಕಟ್ಟಿಕೊಟ್ಟು ಕಳಿಸಿ ನನ್ನನ್ನು ಕರೆದರು.

"ಇದ್ಯಾರೋ?"

"ನಾನೇ ಅಪ್ಪ."

"ತುಟಿಗೇನೋ ಅದು?"

"ಬಣ್ಣ."

"ಯಾರ್ ಬಳಿದಿದ್ದು?"

"ಅಕ್ಕ" ಎಂದುಬಿಟ್ಟೆ. ತಕ್ಷಣ ಕೆಸರೆಗೆ ಫೋನು ಹೋಯಿತು. ಅವಳಿಗೆ ಏನೇನು ಬೈಗುಳ ಬಿತ್ತೋ ನನಗೆ ಗೊತ್ತಿಲ್ಲ. ನಾನು ನನ್ನ ದುಃಖದಲ್ಲಿ ಮುಳುಗಿಹೋಗಿದ್ದೆ.

ಸಂಜೆ ದೊಡ್ಡಪ್ಪನ ವಿಚಾರಣೆ. "ಕುಲದಲ್ಲಿ ವೀರಭದ್ರನ ಕುಣಿತ ಇರೋವಾಗ ಇದೇನ್ಲಾ ಈ ಹೆಣ್ಣಿಗರ ಕುಣಿತ?"

"ಗೆಜ್ಜೆ ನೀವೂ ಕಟ್ತೀರಲ್ಲ ದೊಡ್ಡಪ್ಪ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

"ನಾನ್ ಕಟ್ಟೋದು ಹೆದರ್ಸೋಕೆ. ನೀನ್ ಕಟ್ಟೋದು ಕುಣಿಯೋಕೆ. ಎರಡೂ ಒಂದೇನ್ಲಾ?"

ಈ ತರ್ಕಕ್ಕೆ ಉತ್ತರ ಕೊಡುವ ವಿದ್ವಾಂಸ ಇನ್ನೂ ಹುಟ್ಟಿಲ್ಲ. ಮರುದಿನ ಅಪ್ಪ ನನ್ನನ್ನು ಮಠಕ್ಕೆ ಕರೆದುಕೊಂಡು ಹೋದರು. ನಮ್ಮ ಮನೆಯಲ್ಲಿ ತೀರದ ವ್ಯಾಜ್ಯವೆಲ್ಲ ಅಲ್ಲಿಗೆ ಹೋಗುತ್ತದೆ. ಹಿರಿಯ ಸ್ವಾಮಿಗಳು ಪಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಮುಖದಲ್ಲಿ ಕಳೆ ಅದೆಯಲ್ಲಪ್ಪ. ನಮ್ಮ ಶಿವನೇ ದೊಡ್ಡ ಕುಣಿತಗಾರ, ಇವನು ಕುಣಿದ್ರೆ ತಪ್ಪೇನು?" ಎಂದರು. ನನ್ನ ಎದೆ ಹಿಗ್ಗಿತು. ಅಪ್ಪ ಕೈಮುಗಿದುಕೊಂಡೇ ಹೇಳಿದರು: "ಶಿವಂಗೆ ಮದ್ವೆ ಆಗಿತ್ತು ಬುದ್ಧಿ. ಇವನಿಗೆ ಇನ್ನೂ ಹೆಣ್ಣು ಹುಡುಕ್ಬೇಕು."

ಸ್ವಾಮಿಗಳು ಹೊಟ್ಟೆ ಕುಲುಕಿಸಿ ನಕ್ಕರು. "ಹಂಗಾದ್ರೆ ಮದುವೆ ಮಾಡು. ಆಮೇಲೆ ಕುಣೀಲಿ" ಎಂದು ತೀರ್ಪಾಯಿತು. ಅಪ್ಪನಿಗೆ ಸಮಾಧಾನ, ನನಗೂ ಒಂದು ಆಸೆ. ಮದುವೆ ಎನ್ನುವುದು ಗಂಡಸುತನದ ಸರ್ಟಿಫಿಕೇಟು. ಅದು ಕೈಗೆ ಬಂದರೆ ಮುಂದೆ ಯಾರೂ ತಪಾಸಣೆ ಮಾಡುವುದಿಲ್ಲ ಎಂದು ನಾನೂ ನಂಬಿದೆ.

ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಬಯೋಡೇಟಾ ಮಾಡಿಸಲು ಹೊರಟೆವು. ಹವ್ಯಾಸದ ಸಾಲಿನಲ್ಲಿ ನಾನು 'ಭರತನಾಟ್ಯ' ಎಂದು ಬರೆದಿದ್ದೆ. ಟೈಪು ಮಾಡುವ ಅಂಗಡಿಯಲ್ಲಿ ದೊಡ್ಡಪ್ಪ ಕನ್ನಡಕ ಏರಿಸಿ ಓದಿ, ಹಾವು ಕಂಡವರಂತೆ ಹಿಂದೆ ಸರಿದರು. "ಇದನ್ನ ನೋಡಿದ್ರೆ ಯಾವನಾದ್ರೂ ಹೆಣ್ ಕೊಡ್ತಾನ? ತೆಗಿ. ಕರಾಟೆ ಅಂತ ಹಾಕು."

"ಕರಾಟೆ ನಂಗೆ ಬರಲ್ಲ ದೊಡ್ಡಪ್ಪ."

"ಅದೂ ಕೈಕಾಲು ಆಡ್ಸೋದೇ, ಇದೂ ಕೈಕಾಲು ಆಡ್ಸೋದೇ. ಸುಳ್ಳೇನ್ ಬಂತು ಅದ್ರಲ್ಲಿ?"

ಅಪ್ಪ ತಲೆಯಾಡಿಸಿದರು. ಹವ್ಯಾಸ: ಕರಾಟೆ. ಮೂವತ್ತು ಪ್ರತಿ ಜೆರಾಕ್ಸ್ ಆಯಿತು.

ಹೆಣ್ಣು ನೋಡಲು ಹೋದ ಮೂರನೆಯ ಮನೆಯಲ್ಲಿ ಕರ್ಮ ಕಾದು ಕೂತಿತ್ತು. ಹುಡುಗಿಯ ತಮ್ಮ ಉದಯಗಿರಿಯ ಗ್ಯಾರೇಜುಗಳ ಸಾಲಿನಲ್ಲಿ ಒಂದು ಮಹಡಿಯ ಮೇಲೆ ಜಿಮ್ ಇಟ್ಟಿದ್ದ. ಅವನ ತೋಳು ನನ್ನ ತೊಡೆಯಷ್ಟಿತ್ತು. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ನನ್ನ ಕೈಗೆ ಬರುವ ಮೊದಲೇ, "ಕರಾಟೆನಾ? ಯಾವ ಬೆಲ್ಟು?" ಎಂದ. ನಾನು ಬಾಯಿ ತೆರೆಯುವುದರೊಳಗೆ ಅಪ್ಪ, "ಎಲ್ಲಾ ಬೆಲ್ಟೂ ಅವೆ" ಎಂದರು. ವಿಭೂತಿಯ ಸ್ಟಾಕು ಇದೆಯೇ ಎಂದು ಗಿರಾಕಿ ಕೇಳಿದಾಗಲೂ ಅವರ ದನಿ ಹಾಗೇ ಇರುತ್ತಿತ್ತು.

"ಒಂದೇ ಒಂದು ತೋರ್ಸಿ ಬಾವ, ಪ್ಲೀಸ್" ಎಂದು ಅವನು ಆಗಲೇ ಬಾವ ಮಾಡಿಕೊಂಡು ಟೀಪಾಯಿ ಪಕ್ಕಕ್ಕಿಟ್ಟ. ಹುಡುಗಿಯ ತಂದೆ ಕಾಲು ಮೇಲಕ್ಕೆತ್ತಿ ಕೂತರು. ನಾನು ಎದ್ದು ನಿಂತೆ. ಹದಿನೈದು ವರ್ಷಕ್ಕಿಂತ ಹೆಚ್ಚು ಕಲಿತದ್ದು ಒಂದೇ ವಿದ್ಯೆ, ಅದನ್ನೇ ತೆಗೆದೆ. ಮೊಣಕಾಲು ಎರಡೂ ಕಡೆಗೆ ಮಡಿಸಿ ಅರೆಮಂಡಿಯಲ್ಲಿ ಕೂತು, ಕೈಗಳನ್ನು ನೇರಕ್ಕೆ ಚಾಚಿ, ತಟ್ಟಡವಿನ ಅತಿವೇಗದ ಮೂರನೇ ಕಾಲದಲ್ಲಿ ಕಾಲು ಕುಟ್ಟಿದೆ. ನೆಲ ನಡುಗಿತು. ಶೋಕೇಸಿನ ಗಾಜು ಗಲಗಲ ಎಂದಿತು. ಕೊನೆಗೆ ಒಂದು ಕಾಲು ದೂರಕ್ಕೆ ಚಾಚಿ ಕೈ ಮುಂದಕ್ಕೆ ಎಸೆದು ನಿಂತೆ, ಮುಖದಲ್ಲಿ ಆದಷ್ಟು ಕೋಪ ತಂದುಕೊಂಡು.

"ಸ್ಟಾನ್ಸ್ ನೋಡಪ್ಪಾ, ಸ್ಟಾನ್ಸು!" ಎಂದು ಆ ಭೀಮ ಎದ್ದು ನಿಂತು ಚಪ್ಪಾಳೆ ಹೊಡೆದ. ದೊಡ್ಡಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಅಪ್ಪನ ಮುಖ ನೋಡಿದೆ. ಅವರು ಹೆಮ್ಮೆಯಿಂದ ನೋಡುತ್ತಿದ್ದರು! ನನ್ನ ಅಡವು, ನನ್ನ ಅರೆಮಂಡಿ, ನನ್ನ ಅಪ್ಪ. ಆದರೆ ಅವರು ನೋಡುತ್ತಿದ್ದದ್ದು ಕರಾಟೆಯನ್ನು.

ಇಬ್ಬರೇ ಮಾತಾಡಿಕೊಳ್ಳಿ ಎಂದು ನಮ್ಮನ್ನು ಹಿತ್ತಲಿಗೆ ಕಳಿಸಿದಾಗ ಹುಡುಗಿ ಕೇಳಿದ ಮೊದಲ ಪ್ರಶ್ನೆ: "ಕರಾಟೆಲಿ ಕತ್ತು ಹಂಗೆ ಆ ಕಡೆ ಈ ಕಡೆ ಆಡಿಸ್ತಾರಾ?"

ನಾನು ಎಲ್ಲ ಹೇಳಿಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ನಂಗೇನೂ ತೊಂದ್ರೆ ಇಲ್ಲ. ಆದ್ರೆ ನಮ್ಮ ತಮ್ಮಂಗೆ ಮಾತ್ರ ಹೇಳ್ಬೇಡಿ. ಪಾಪ, ಅಷ್ಟು ಖುಷಿಯಾಗವ್ನೆ" ಎಂದಳು. ಹೀಗೆ ನನ್ನ ಮದುವೆಯಾಯಿತು. ಬಾಮೈದ ಭಾನುವಾರ ಜಿಮ್ಮಿಗೆ ಬಂದು ಹುಡುಗರಿಗೆ ಕರಾಟೆ ಹೇಳಿಕೊಡಿ ಎಂದು ವರ್ಷಗಟ್ಟಲೆ ದುಂಬಾಲು ಬಿದ್ದ. ನಾನು ವರ್ಷಗಟ್ಟಲೆ ಮೊಣಕಾಲು ನೋವು ಎಂದೆ. ಅಷ್ಟೊಂದು ವಿನಯದ ಬ್ಲ್ಯಾಕ್ ಬೆಲ್ಟನ್ನು ತಾನು ಕಂಡೇ ಇಲ್ಲ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮದುವೆಯಾದ ವಾರಕ್ಕೆ ಮಠದ ತೀರ್ಪನ್ನು ಅಪ್ಪನಿಗೆ ನೆನಪಿಸಿದೆ. "ಒಂದು ಮಗು ಆಗ್ಲಿ, ಆಮೇಲೆ ನೋಡಾಣ" ಎಂದರು. ಮಗಳು ಹುಟ್ಟಿದಳು. "ಮಗು ಸ್ಕೂಲಿಗೆ ಸೇರ್ಲಿ. ಅಪ್ಪ ಏನ್ಮಾಡ್ತಾನೆ ಅಂತ ಕೇಳ್ತಾರೆ." ಸೇರಿದಳು. "ಮನೆ ಕಟ್ಟಿಸ್ಬುಡು, ಆಮೇಲೆ ನಿನ್ನಿಷ್ಟ." ಶಿವನಿಗೆ ಇಷ್ಟೆಲ್ಲ ಷರತ್ತು ಹಾಕಿದ್ದರೆ ಅವನೂ ಕೈಲಾಸದಲ್ಲಿ ಗುಮಾಸ್ತನಾಗಿ ನಿವೃತ್ತನಾಗುತ್ತಿದ್ದ. ನಾನು ಟೀಚರ ಮನೆಗೆ ಹೋಗುವುದನ್ನು ಬಿಡಲಿಲ್ಲ, ಕೆಸರೆಗೆ ಹೋಗುವುದನ್ನೂ ಬಿಡಲಿಲ್ಲ. ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ನಾನು ಎಲ್ಲೋ ಕದ್ದು ಕುಡಿಯುತ್ತಿದ್ದೇನೆ ಎಂಬ ಹಾಗೆ ನಡೆದುಕೊಳ್ಳುತ್ತಿದ್ದರು. ಕುಡಿದಿದ್ದರೆ ಇನ್ನೂ ಮರ್ಯಾದೆ ಇರುತ್ತಿತ್ತೇನೋ.

ಈ ನಡುವೆ ಊರೇ ಕುಣಿಯಲು ಶುರುವಿಟ್ಟುಕೊಂಡಿತು. ನೆಂಟರ ಮದುವೆಗಳಿಗೆ ಸಂಗೀತ್ ಎಂಬುದು ಬಂದು ಸೇರಿಕೊಂಡಿತು. ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಹೇಳಿಕೊಟ್ಟಂತೆ ಗಂಡಿನ ಸೋದರಮಾವಂದಿರು ಕಪ್ಪು ಕನ್ನಡಕ ಹಾಕಿಕೊಂಡು ಸೊಂಟ ತಿರುಗಿಸುವುದು. ದೊಡ್ಡಪ್ಪನಿಗೆ ಎಪ್ಪತ್ತೇಳನೇ ವಯಸ್ಸಿನಲ್ಲಿ ಕೊಬ್ಬು ಜಾಸ್ತಿಯಾಗಿದೆ ಎಂದು ಡಾಕ್ಟರು ಹೇಳಿದರು. ಅವರು ಪಾರ್ಕಿನ ಜುಂಬಾ ಗುಂಪಿಗೆ ಸೇರಿದರು. ಒಂದು ಬೆಳಿಗ್ಗೆ ಕಣ್ಣಾರೆ ಕಂಡೆ: ವೀರಗಾಸೆಯ ಹುಲಿ ಟ್ರ್ಯಾಕ್ ಪ್ಯಾಂಟಿನಲ್ಲಿ, ನಲವತ್ತು ಹೆಂಗಸರ ನಡುವೆ, ಸಿನಿಮಾ ಹಾಡಿಗೆ ಕೈ ಮೇಲೆತ್ತಿ ಅಲ್ಲಾಡಿಸುತ್ತಿತ್ತು. ನನ್ನನ್ನು ನೋಡಿ ನಿಲ್ಲಿಸಲಿಲ್ಲ. "ಇದು ಕುಣಿತ ಅಲ್ಲ ಕಣ್ಲಾ, ಎಕ್ಸೈಜು" ಎಂದರು ಏದುಸಿರು ಬಿಡುತ್ತ.

ಟೀಚರಿಗೆ ಎಂಬತ್ತು ಹತ್ತಿರವಾಯಿತು. ಕಳೆದ ವರ್ಷ ಒಂದು ದಿನ, "ನನ್ನ ಕಣ್ಣು ಕಾಣೋ ಹೊತ್ತಿಗೆ ಒಂದು ಸಲ ಒಬ್ಬನೇ ವೇದಿಕೆ ಹತ್ತು ಮಾರಾಯ" ಎಂದರು. ಒಂದು ಚಿಕ್ಕ ಸಭಾಂಗಣ ಗೊತ್ತಾಯಿತು. ಅಪ್ಪನನ್ನು ಮುಂದಿನ ಸಾಲಿಗೆ ತರಲು ನಾನು ಉಳಿದ ಒಂದೇ ಬಾಣವನ್ನು ಬಿಟ್ಟೆ. ಮಠಕ್ಕೆ ಹೋಗಿ ಈಗಿನ ಸ್ವಾಮಿಗಳ ಕಾಲಿಗೆ ಬಿದ್ದು, ಅಧ್ಯಕ್ಷತೆಗೆ ಒಪ್ಪಿಸಿಕೊಂಡು ಬಂದೆ. ಬುದ್ಧಿಯವರು ಬರುವ ಸಭೆಗೆ ಅಪ್ಪ ಬಾರದೆ ಇರುವಂಥ ಧೈರ್ಯಶಾಲಿಯಲ್ಲ. ಆಹ್ವಾನ ಪತ್ರಿಕೆಯನ್ನು ಮೂರು ಸಲ ತಿರುಗಿಸಿ ನೋಡಿ, "ಎಷ್ಟ್ ಗಂಟೆಗೆ?" ಎಂದರು.

ಅವತ್ತು ಸಂಜೆ ಎಲ್ಲರೂ ಬಂದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಮುಂದಿನ ಸಾಲಿನ ನಡುವೆ ಕೂತರು. ಪಕ್ಕದಲ್ಲಿ ದೊಡ್ಡಪ್ಪ. ಬಾಮೈದ ಜಿಮ್ಮಿನ ಎಂಟು ಹುಡುಗರನ್ನು ಕಟ್ಟಿಕೊಂಡು ಬಂದು ಒಂದು ಸಾಲಿಡೀ ತುಂಬಿಸಿದ. ಅಕ್ಕ ಮಧ್ಯಾಹ್ನವೇ ಬಂದು ನನಗೆ ಮುಖದ ಬಣ್ಣ ಹಚ್ಚಿ, ಕಚ್ಚೆಯ ನೆರಿಗೆ ಕೂರಿಸಿ, ಸಂಗೀತದವರಿಗೆ ಮನೆಯಿಂದ ತಂದ ತಿಂಡಿ ಬಡಿಸಿದ್ದಳು. ಪರದೆ ಸರಿಯಿತು. ಒಂದೂಕಾಲು ಗಂಟೆ ಕುಣಿದೆ, ಅದರಲ್ಲಿ ಅರ್ಧ ಗಂಟೆ ವರ್ಣವೆಂಬ ಒಂದೇ ದೊಡ್ಡ ನೃತ್ಯ. ಅಪ್ಪ ಒಮ್ಮೆಯೂ ಕಣ್ಣು ತಿರುಗಿಸಲಿಲ್ಲ. ಮೇಲಿನಿಂದ ನನಗೆ ಕಾಣುತ್ತಿತ್ತು. ಮುಗಿದ ಮೇಲೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮೈಕು ಹಿಡಿದು ಅಪ್ಪ ಹೇಳಿದರು: "ಇವ್ನು ನನ್ನ ಮಗ. ನಮ್ಮನೇಲಿ ಕಲೆಗೆ ಯಾವತ್ತೂ ಅಡ್ಡಿ ಮಾಡ್ದೋರಿಲ್ಲ. ಒಂಬತ್ ವರ್ಷದ ಹುಡ್ಗನ್ನ ಡ್ಯಾನ್ಸ್ ಕ್ಲಾಸಿಗೆ ನಾನೇ ಕಳ್ಸಿದ್ದು."

ಕೊನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಭೆ ಚಪ್ಪಾಳೆ ತಟ್ಟಿತು. ದೊಡ್ಡಪ್ಪ ಕೂತಲ್ಲಿಂದಲೇ "ಗಂಡಸ್ತನ ಇತ್ತು ಕಣ್ರೀ ಕುಣಿತದಲ್ಲಿ" ಎಂದು ಹಿಂದಿನ ಸಾಲಿಗೂ ಕೇಳುವಂತೆ ಪ್ರಮಾಣಪತ್ರ ಕೊಟ್ಟರು. ಬಾಮೈದ ವೇದಿಕೆಯ ಹತ್ತಿರ ಬಂದು, "ಬಾವ, ಅವತ್ ನಮ್ಮನೇಲಿ ತೋರ್ಸಿದ್ದೂ ಇದೇ ಅಲ್ವಾ?" ಎಂದ. ನಾನು ತಲೆ ತಗ್ಗಿಸಿದೆ. ಅವನು "ಪರ್ವಾಗಿಲ್ಲ ಬುಡಿ, ಇದು ಕರಾಟೆಗಿಂತ ಕಷ್ಟ" ಎಂದು ನನ್ನ ಕೈ ಕುಲುಕಿದ. ಆ ಸಭೆಯಲ್ಲಿ ಅವನೊಬ್ಬನೇ ನಿಜವಾದ ಗಂಡಸು ಎಂದು ಆಗ ಅನ್ನಿಸಿತು.

ನನಗೂ ಮೈಕು ಸಿಕ್ಕಿತು. ಮೂವತ್ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೊರಗೆ ಹಾಕಿದೆ. ಗಂಡಾಗಿ ಹುಟ್ಟಿ ನಾಟ್ಯ ಕಲಿಯುವ ಸಂಕಟ ಏನೆಂದು ನಿಮಗೆ ಗೊತ್ತಿಲ್ಲ ಎಂದೆ. ಹೆಣ್ಣುಮಕ್ಕಳಿಗೆ ತಾವಾಗಿ ತೆರೆಯುವ ಬಾಗಿಲನ್ನು ನಾನು ಭುಜ ಕೊಟ್ಟು ತಳ್ಳಬೇಕಾಯಿತು ಎಂದೆ. ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಗುರುಗಳಿಗೆ, ಸ್ವಾಮಿಗಳಿಗೆ, ತಂದೆಗೆ, ಹೆಂಡತಿಗೆ, ಮೃದಂಗದವರಿಗೆ, ಲೈಟಿನವರಿಗೆ ವಂದನೆ ಹೇಳಿದೆ. ಕೊನೆಗೆ ನೆನಪಾಗಿ, ತಿಂಡಿಯ ವ್ಯವಸ್ಥೆ ನೋಡಿಕೊಂಡ ಅಕ್ಕನಿಗೂ ಎಂದೆ.

ಒಳಕೋಣೆಯಲ್ಲಿ ಅಕ್ಕ ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ನನ್ನ ಮುಖದ ಬಣ್ಣ ತೆಗೆಯತೊಡಗಿದಳು. ನಾನು ಇನ್ನೂ ಚಪ್ಪಾಳೆಯಲ್ಲೇ ತೇಲುತ್ತಿದ್ದೆ.

"ಹೆಂಗಿತ್ತು ಅಕ್ಕ?"

"ಮಾತು ಚೆನ್ನಾಗಿತ್ತು" ಎಂದಳು.

"ಕುಣಿತ?"

"ವರ್ಣದ ಎರಡನೇ ಜತಿ ಕೊನೇಲಿ ಒಂದು ತಟ್ಟು ನುಂಗಿಬುಟ್ಟೆ."

"ಟೀಚರ್ ಏನೂ ಅನ್ನಲಿಲ್ವಲ್ಲ."

"ಅವ್ರಿಗೆ ವಯಸ್ಸಾಯ್ತು" ಎಂದು ಎದ್ದು ನಿಂತಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ತುಸು ಮೇಲೆತ್ತಿ, ಮಂಡಿ ಬಾಗಿಸಿ, ಬಾಯಲ್ಲಿ ಹೇಳುತ್ತ ಆ ಜತಿಯ ಕೊನೆಯನ್ನು ಒಂದೇ ಸಲ ತಟ್ಟಿ ತೋರಿಸಿದಳು. ನಲವತ್ತಾರು ವರ್ಷದ, ಬೆಳಗಿನಿಂದ ನಿಂತೇ ಇದ್ದ ಹೆಂಗಸು. ಒಂದು ತಟ್ಟೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆ ಸಂಜೆ ನಾನು ಒಂದೂಕಾಲು ಗಂಟೆ ಹುಡುಕಿದ್ದು ಅವಳ ಕಾಲಿನಲ್ಲಿ ಸುಮ್ಮನೆ ಇತ್ತು. ಮತ್ತೆ ಕೂತು ಹತ್ತಿ ಅದ್ದಿಕೊಂಡಳು.

ಮೂವತ್ಮೂರು ವರ್ಷದಲ್ಲಿ ಮೊದಲ ಸಲ ಕೇಳಿದೆ. "ನೀನ್ಯಾಕೆ ಅಕ್ಕ ಬಿಟ್ಟೆ?"

"ನಾನೆಲ್ಲಿ ಬಿಟ್ಟೆ?" ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. "ನಿಂದು ನಿಲ್ಸಕ್ಕೆ ಅಪ್ಪ, ದೊಡ್ಡಪ್ಪ, ಮಠದ ಬುದ್ಧಿ, ಇಷ್ಟು ಜನ ಸೇರ್ಬೇಕಾಯ್ತು. ಆದ್ರೂ ನಿಲ್ಲಿಲ್ಲ. ನಂದು ಯಾರೂ ನಿಲ್ಸ್ಲೇ ಇಲ್ಲ ಕಣೋ. ನಿಶ್ಚಿತಾರ್ಥ ಆದ ಮಾರನೇ ಸೋಮವಾರ ಸೀರೆ ಕಚ್ಚೆ ಹಾಕಿ, ಜಡೆ ಕಟ್ಕೊಂಡು ಹೊರಟೆ. 'ಇನ್ನೇನ್ ಕ್ಲಾಸು' ಅಂದ್ರು ಅಮ್ಮ, ಸೊಪ್ಪು ಸೋಸ್ತಾ. ಅಷ್ಟೇ. ನಾನು ಸೀರೆ ಬಿಚ್ಚಿ ಸೊಪ್ಪಿನ ಮುಂದೆ ಕೂತೆ. ನೀನು ಲೆಕ್ಕದ ಪುಸ್ತಕ ಹಿಡ್ಕೊಂಡು ಬಸ್ಸು ತಪ್ಪೋಗುತ್ತೆ ಅಂತ ಓಡ್ದೆ. ಕಣ್ ಮುಚ್ಚು, ಎಣ್ಣೆ ಹೋಗುತ್ತೆ."

ಕಣ್ಣು ಮುಚ್ಚಿದೆ. ಆ ಸೋಮವಾರ ನನಗೆ ಚೆನ್ನಾಗಿ ನೆನಪಿದೆ. ನನ್ನ ಬಾಲ್ಯದಲ್ಲಿ ಅಂಥ ಖುಷಿಯ ದಿನಗಳು ಹೆಚ್ಚಿಲ್ಲ. ಅವತ್ತು ಟೀಚರ್ ನನ್ನನ್ನು ಹಿಂದಿನ ಸಾಲಿನಿಂದ ಮೊದಲ ಸಾಲಿಗೆ ಕರೆದು ನಿಲ್ಲಿಸಿದ್ದರು, ಅಲ್ಲಿ ಒಂದು ಜಾಗ ಖಾಲಿಯಾಗಿತ್ತು.